ಹ್ವಾಂಗ್ಬೊ: ಎಲ್ಲಿ ಬಿಡಿಸಬೇಕು?

ದಕ್ಷಿಣ ಕೊರಿಯಾದ ಕಿರುತೆರೆ ನೋಡುವವರಿಗೆ ಹ್ವಾಂಗ್ ಬೊರಾ ಎಂಬ ನಟಿ ಗೊತ್ತು, ಹ್ವಾಂಗ್ಬೊ ಎಂದೇ ಹೆಸರಾದ ಗಾಯಕಿಯೂ ಗೊತ್ತು. ನಟಿಯ ಮನೆತನದ ಹೆಸರು ಹ್ವಾಂಗ್, ಇಟ್ಟ ಹೆಸರು ಬೊರಾ. ಆದರೂ ಆಕೆ ಹ್ವಾಂಗ್ಬೊ ಮನೆತನದವರು, ಹೆಸರು ಬರೀ ‘ರಾ’ ಎಂದು ತಿಳಿದುಕೊಳ್ಳುವವರಿದ್ದಾರೆ. ಗಾಯಕಿಯದು ಇದಕ್ಕೆ ತಿರುಗುಮುರುಗು. ಅವರ ಪೂರ್ತಿ ಹೆಸರು ಹ್ವಾಂಗ್ಬೊ ಹ್ಯೇಜಂಗ್. ವೇದಿಕೆಗೆ ಮನೆತನದ ಹೆಸರೊಂದನ್ನೇ ಉಳಿಸಿಕೊಂಡರು, ಜನ ಅವರನ್ನು ಹ್ವಾಂಗ್ ಮನೆತನದ ‘ಬೊ’ ಮಾಡಿಬಿಟ್ಟರು. ಅಂದಹಾಗೆ, ಈ ಗಾಯಕಿ 2000ದಲ್ಲಿ ರಂಗಕ್ಕೆ ಬಂದದ್ದು ಒಂದು ಹುಡುಗಿಯರ ತಂಡದೊಂದಿಗೆ. ಆ ತಂಡದ ಹೆಸರು ನಮ್ಮ ‘ಚಕ್ರ’ವೇ, ಅವರ ಉಡುಗೆ ತೊಡುಗೆ, ಹಾಡಿನ ಧಾಟಿ ಎರಡರಲ್ಲೂ ಭಾರತದ ಛಾಯೆ ಬೇಕೆಂದೇ ಬೆರೆಸಿದ್ದಿತ್ತು.

ಗೊಂದಲ ಹುಟ್ಟುವುದು ಬರವಣಿಗೆಯಲ್ಲಿ. ಕೊರಿಯನ್ನರ ಹಂಗುಲ್ ಲಿಪಿಯಲ್ಲಿ ಒಂದೊಂದು ಉಚ್ಚಾರಕ್ಕೆ ಒಂದೊಂದು ಚೌಕ. ಹ್ವಾಂಗ್ ಒಂದು ಚೌಕ, ಬೊ ಇನ್ನೊಂದು, ರಾ ಮತ್ತೊಂದು. ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ, ನಡುವೆ ತೆರಪಿಲ್ಲ. ಬಹುಪಾಲು ಕೊರಿಯನ್ನರ ಹೆಸರು ಮೂರು ಚೌಕದ್ದು: ಮೊದಲನೆಯದು ಮನೆತನದ್ದು, ಉಳಿದೆರಡು ಆ ವ್ಯಕ್ತಿಯದು. ಹಾಗಾಗಿ ಓದುವವರ ಕಣ್ಣು ತಾನಾಗಿ ಮೊದಲ ಚೌಕದ ನಂತರ ಗೆರೆ ಎಳೆದುಬಿಡುತ್ತದೆ. ಹ್ವಾಂಗ್ಬೊ ಮನೆಯವರಿಗೆ ಆ ಗೆರೆ ಒಂದು ಚೌಕ ಮುಂದೆ ಬೀಳಬೇಕು. ಬೀಳುವುದಿಲ್ಲ.

ಬೀಳದಿರಲು ಅಂಕಿಸಂಖ್ಯೆಯೇ ಕಾರಣ. 2015ರ ಜನಗಣತಿಯಲ್ಲಿ ಕಿಮ್ ಮನೆತನದವರೇ ಒಂದು ಕೋಟಿಗೂ ಹೆಚ್ಚು. ಕಿಮ್, ಲೀ, ಪಾರ್ಕ್ ಈ ಮೂವರನ್ನು ಕೂಡಿಸಿದರೆ ದೇಶದ ಶೇ. 44ರಷ್ಟು ಜನ ಮುಗಿದರು. ಹ್ವಾಂಗ್ ಮನೆತನದವರು ಸುಮಾರು ಏಳು ಲಕ್ಷ. ಹ್ವಾಂಗ್ಬೊ ಮನೆತನದವರು ಸುಮಾರು ಹತ್ತು ಸಾವಿರ. ಎಪ್ಪತ್ತು ಹ್ವಾಂಗ್‌ಗಳನ್ನು ಕಂಡವನಿಗೆ ಒಬ್ಬ ಹ್ವಾಂಗ್ಬೊ ಎದುರಾದರೆ ಅವನನ್ನೂ ಎಪ್ಪತ್ತೊಂದನೆಯ ಹ್ವಾಂಗ್ ಎಂದೇ ಎಣಿಸುವುದು ಸಹಜ.

ಎರಡು ಚೌಕದ ಮನೆತನಗಳು ಕೊರಿಯಾದಲ್ಲಿ ಇವರೊಬ್ಬರದೇ ಅಲ್ಲ. ನಾಮ್ಗುಂಗ್, ಜೆಗಾಲ್, ಸಾಗೊಂಗ್, ಸನ್ವು, ಸಮುನ್, ದೊಕ್ಕೊ ಹೀಗೆ ಬೆರಳೆಣಿಕೆಯಷ್ಟಿವೆ. ನಾಮ್ಗುಂಗ್ ಮನೆಯವರು ಹ್ವಾಂಗ್ಬೊಗಳಿಗಿಂತ ಸಂಖ್ಯೆಯಲ್ಲಿ ಹೆಚ್ಚು. ಆದರೆ ‘ನಾಮ್’ ನಂತರ ‘ಗುಂಗ್’ ಬಂದರೆ ಕೊರಿಯನ್ನರ ಕಿವಿಗೆ ಎರಡೂ ಸೇರಿ ಒಂದು ಎಂದು ತಟ್ಟನೆ ತಿಳಿಯುತ್ತದೆ. ‘ಗುಂಗ್’ ಎಂದು ಶುರುವಾಗುವ ಹೆಸರನ್ನು ಮಗುವಿಗೆ ಇಡುವವರು ಕಡಿಮೆ. ‘ಬೊ’ ಎಂದು ಶುರುವಾಗುವ ಹೆಸರುಗಳೋ ಓಣಿಗೆ ಹತ್ತು: ಬೊರಾ, ಬೊಮಿ, ಬೊಯಂಗ್, ಬೊಗಮ್. ಹ್ವಾಂಗ್ಬೊಗಳ ಪಾಡು ನಾಮ್ಗುಂಗ್‌ಗಳಿಗಿಲ್ಲ.

ಚೀನೀ ಅಕ್ಷರಗಳಲ್ಲಿ ಬರೆದರೆ ಈ ತಕರಾರೇ ಏಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಹ್ವಾಂಗ್ ಮನೆತನದ ಅಕ್ಷರಕ್ಕೆ ‘ಹಳದಿ’ ಎಂದರ್ಥ. ಹ್ವಾಂಗ್ಬೊ ಎಂಬಲ್ಲಿನ ಹ್ವಾಂಗ್ ಬೇರೆಯೇ ಅಕ್ಷರ. ಅದಕ್ಕೆ ‘ಚಕ್ರವರ್ತಿ’, ‘ಮಹಾಮಹಿಮ’ ಎಂದರ್ಥ. ಉಚ್ಚಾರ ಒಂದೇ ಆದರೂ ರೂಪದಲ್ಲಿ ಹೋಲಿಕೆಯಿಲ್ಲ. ‘ಬೊ’ ಎಂಬುದು ಹಿಂದಿನ ಚೀನಾದಲ್ಲಿ ಗಂಡಸರ ಹೆಸರಿನ ಕೊನೆಗೆ ಹಚ್ಚುತ್ತಿದ್ದ ಮರ್ಯಾದೆಯ ಪದ, ನಮ್ಮಲ್ಲಿ ಹೆಸರಿನ ಹಿಂದೆ ಅಯ್ಯ, ಅಪ್ಪ, ಅಣ್ಣ ಸೇರಿಕೊಳ್ಳುವ ಹಾಗೆ.

ಹೆಸರಿನ ಬೇರು ಇರುವುದೂ ಚೀನಾದಲ್ಲೇ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಸಾಂಗ್ ಎಂಬ ಸಣ್ಣ ರಾಜ್ಯದಲ್ಲಿ. ಅಲ್ಲಿನ ದಾಯ್ ಎಂಬ ದೊರೆಯ ಮಗನೊಬ್ಬನಿಗೆ ಹ್ವಾಂಗ್‌ಫು ಎಂಬ ಗೌರವನಾಮವಿತ್ತು. ಅಜ್ಜನ ಗೌರವನಾಮವನ್ನು ಮೊಮ್ಮಕ್ಕಳು ಕುಲದ ಹೆಸರಾಗಿ ಎತ್ತಿಕೊಳ್ಳುವುದು ಆ ಕಾಲದ ಅರಸುಮನೆಗಳ ರೂಢಿ; ಹಾಗೆ ಒಬ್ಬ ಮನುಷ್ಯನ ಹೆಸರು ಒಂದು ವಂಶದ ಹೆಸರಾಯಿತು. ಆಗ ಎರಡನೆಯ ಅಕ್ಷರವನ್ನು ‘ತಂದೆ’ ಎಂದು ಅರ್ಥ ಬರುವ ಅಕ್ಷರದಿಂದ ಬರೆಯುತ್ತಿದ್ದರು. ಹಾನ್ ಅರಸರ ಕಾಲದಲ್ಲಿ ವಂಶದವನೊಬ್ಬ ಪಶ್ಚಿಮಕ್ಕೆ ವಲಸೆ ಹೋದಾಗ ಅದನ್ನು ಬಿಟ್ಟು ಅದೇ ಉಚ್ಚಾರದ ಈಗಿನ ಅಕ್ಷರ ಹಿಡಿದನೆಂದು ಚೀನೀ ವಂಶಾವಳಿಗಳು ಹೇಳುತ್ತವೆ.

ಚೀನಾದಲ್ಲಿ ಈ ಮನೆತನ ಅಜ್ಞಾತವೇನಲ್ಲ. ಕ್ರಿ.ಶ. 184ರಲ್ಲಿ ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡು ದಂಗೆಯೆದ್ದ ರೈತರನ್ನು ಹತ್ತಿಕ್ಕಿದ ಸೇನಾನಿ ಹ್ವಾಂಗ್‌ಫು ಸುಂಗ್ ಇದೇ ಕುಲದವನು. ಅವನ ಮರಿಮಗ ಹ್ವಾಂಗ್‌ಫು ಮಿ (215–282) ಸೂಜಿಚಿಕಿತ್ಸೆಯ ಮೊದಲ ವ್ಯವಸ್ಥಿತ ಗ್ರಂಥವನ್ನು ಒಟ್ಟುಗೂಡಿಸಿದವನು. ಮುತ್ತಜ್ಜ ಕತ್ತಿ ಹಿಡಿದ, ಮರಿಮಗ ಸೂಜಿ ಹಿಡಿದ. ಕೊರಿಯಾದ ಹಳೆಯ ವೈದ್ಯರೂ ಆ ಸೂಜಿಯ ಪುಸ್ತಕ ಓದುತ್ತಿದ್ದರು.

ಈಗ ಉಚ್ಚಾರಕ್ಕೆ ಬರೋಣ. ಚೀನೀಯರು ಹ್ವಾಂಗ್‌ಫು ಎನ್ನುವುದನ್ನು ಕೊರಿಯನ್ನರು ಹ್ವಾಂಗ್ಬೊ ಎನ್ನುವುದೇಕೆ? ಆ ಎರಡನೆಯ ಅಕ್ಷರ ಹಳೆಯ ಚೀನೀ ಭಾಷೆಯಲ್ಲಿ ತುಟಿ ಮುಚ್ಚಿ ನುಡಿಯುವ ‘ಪ’ಕಾರದ್ದು. ಮುಂದೆ ಚೀನೀ ಭಾಷೆಯಲ್ಲಿ ಇಂಥ ಹಲವು ಪಕಾರಗಳು ಸಡಿಲಗೊಂಡು ಫಕಾರಗಳಾದವು. ಕೊರಿಯನ್ ಭಾಷೆಯಲ್ಲಿ ಫಕಾರ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಾಗಾಗಿ ತುಟಿಗಳು ಮುಚ್ಚಿದಂತೆಯೇ ಉಳಿದವು, ಹಿಂದಿನ ಅನುನಾಸಿಕ, ಮುಂದಿನ ಸ್ವರ ಇವೆರಡರ ಆಸರೆಯಲ್ಲಿ ಪಕಾರ ಬಕಾರದಂತೆ ಮೆತ್ತಗಾಯಿತು. ಹಳಗನ್ನಡದ ಪಾಲು, ಪೂ, ಪೆಸರ್‌ಗಳು ನಮ್ಮ ಬಾಯಲ್ಲಿ ಹಾಲು, ಹೂ, ಹೆಸರುಗಳಾಗಿ, ತಮಿಳರ ಬಾಯಲ್ಲಿ ಪಕಾರ ಹಾಗೆಯೇ ನಿಂತದ್ದನ್ನು ಬಲ್ಲವರಿಗೆ ಇದೇನೂ ಹೊಸದಲ್ಲ.

ಈ ಹೆಸರು ಕೊರಿಯಾದ ದಾಖಲೆಗಳಲ್ಲಿ ಎದ್ದು ಕಾಣುವುದು ಹತ್ತನೆಯ ಶತಮಾನದಲ್ಲಿ, ಗೊರ್ಯೊ ರಾಜ್ಯ ಹುಟ್ಟುವ ಹೊತ್ತಿಗೆ. ಕೊರಿಯನ್ನರು ಮನೆತನದ ಹೆಸರಿನ ಜೊತೆಗೆ ‘ಬೊನ್ಗ್ವಾನ್’ ಎಂಬ ಮೂಲದೂರನ್ನೂ ಹೇಳುತ್ತಾರೆ. ಹ್ವಾಂಗ್ಬೊಗಳಿಗೆ ಅಂಥ ಎರಡು ಊರುಗಳು ಮುಖ್ಯ: ಈಗಿನ ಉತ್ತರ ಕೊರಿಯಾದ ಹ್ವಾಂಗ್ಜು, ದಕ್ಷಿಣದ ಗ್ಯಂಗ್ಸಾಂಗ್ ಸೀಮೆಯ ಯಂಗ್ಚನ್. (ಹ್ವಾಂಗ್ಜು ಊರಿನ ಹ್ವಾಂಗ್ ಮತ್ತೆ ಹಳದಿಯ ಹ್ವಾಂಗ್! ಈ ಕುಲವನ್ನು ಆ ಅಕ್ಷರ ಬಿಟ್ಟುಬಿಡುವುದಿಲ್ಲ.) ಈಗಿರುವವರಲ್ಲಿ ಹೆಚ್ಚಿನವರು ಯಂಗ್ಚನ್‌ನವರು. ಚರಿತ್ರೆಯಲ್ಲಿ ಮೊದಲು ಮೆರೆದವರು ಮಾತ್ರ ಹ್ವಾಂಗ್ಜುವಿನವರು.

ಮೆರೆದ ಬಗೆ ವಿಚಿತ್ರ. ಗೊರ್ಯೊ ಸ್ಥಾಪಕ ವಾಂಗ್ ಗನ್ 918ರಲ್ಲಿ ಪಟ್ಟವೇರಿದವನು, ಸೀಮೆ ಸೀಮೆಯ ಪಾಳೆಯಗಾರರನ್ನು ತನ್ನ ಕಡೆ ಕಟ್ಟಿಹಾಕಲು ಹಿಡಿದ ದಾರಿ ಮದುವೆಯದು. ಇಪ್ಪತ್ತೊಂಬತ್ತು ಹೆಂಡಿರು. ಅವರಲ್ಲಿ ನಾಲ್ಕನೆಯ ಪಟ್ಟದರಸಿ ಸಿಂಜಂಗ್, ಹ್ವಾಂಗ್ಜುವಿನ ಹ್ವಾಂಗ್ಬೊ ಮನೆಯವಳು. ಇಷ್ಟೊಂದು ತಾಯಂದಿರ ಮಕ್ಕಳು ಒಂದೇ ಅರಮನೆಯಲ್ಲಿ ಬೆಳೆದಾಗ, ಅಧಿಕಾರ ಹೊರಗೆ ಹೋಗದಂತೆ ನೋಡಿಕೊಳ್ಳಲು ಅವರವರೊಳಗೇ ಮದುವೆ ಮಾಡುವ ಪದ್ಧತಿ ಬಂತು. ಸಿಂಜಂಗಳ ಮಗಳು ದೇಮೊಕ್ ಮದುವೆಯಾದದ್ದು ತನ್ನ ತಂದೆಗೆ ಇನ್ನೊಬ್ಬ ರಾಣಿಯಲ್ಲಿ ಹುಟ್ಟಿದ ಗ್ವಾಂಗ್ಜೊಂಗ್‌ನನ್ನು (ಆಳ್ವಿಕೆ 949–975).

ಅಣ್ಣತಂಗಿಯ ಮದುವೆ ಚೀನಾದ ನೀತಿಗೆ ಹೇಸಿಗೆಯ ವಿಷಯ. ಒಂದೇ ಮನೆತನದ ಹೆಸರಿನ ವರ ವಧು ಎಂದು ಬರೆಯಲೂ ಸಂಕೋಚ. ಗೊರ್ಯೊ ಅರಮನೆ ಕಂಡುಕೊಂಡ ಪರಿಹಾರ ಸರಳ: ಹುಡುಗಿಯ ಮನೆತನದ ಹೆಸರನ್ನೇ ಬದಲಿಸುವುದು. ವಾಂಗ್ ಮನೆಯ ಮಗಳು ಮದುವೆಯ ಹೊತ್ತಿಗೆ ತಾಯಿಯ ಕಡೆಯ ಹೆಸರಿಗೆ ಜಾರಿ ಹ್ವಾಂಗ್ಬೊ ಆದಳು. ದಾಖಲೆಯಲ್ಲಿ ವಾಂಗ್ ವರ, ಹ್ವಾಂಗ್ಬೊ ವಧು. ಎಲ್ಲ ಸರಿ.

ಮುಂದಿನ ತಲೆಮಾರಿನಲ್ಲಿ ಈ ಆಟ ಇನ್ನೂ ಸೊಗಸಾಯಿತು. ಸಿಂಜಂಗಳ ಮಗ ವಾಂಗ್ ಉಕ್‌ನಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಹೆಸರಾದವರು. ಮಗ ವಾಂಗ್ ಆಗಿಯೇ ಉಳಿದು ಸಂಗ್ಜೊಂಗ್ ಎಂಬ ಅರಸನಾದ. ಅಕ್ಕತಂಗಿಯರಾದ ಹನೇ ಮತ್ತು ಹಂಜಂಗ್ ಇಬ್ಬರೂ ದೇಮೊಕ್‌ಳ ಮಗ ಗ್ಯಂಗ್ಜೊಂಗ್ ಅರಸನನ್ನು ಕೈಹಿಡಿದರು. ಅವರ ತಾಯಿಯೇನೂ ಹ್ವಾಂಗ್ಬೊ ಮನೆಯವಳಲ್ಲ, ಯು ಮನೆಯವಳು. ಆದರೆ ಅಜ್ಜಿ ಹ್ವಾಂಗ್ಬೊ. ಅಜ್ಜಿಯ ಹೆಸರಿಗೇ ಇಬ್ಬರೂ ಸೇರಿದರು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಅಣ್ಣ ವಾಂಗ್, ತಂಗಿಯರು ಹ್ವಾಂಗ್ಬೊ. ಮನೆತನದ ಹೆಸರು ತಂದೆಯಿಂದ ಬರುವ ರಕ್ತದ ಗುರುತು ಎಂದು ಕೊರಿಯನ್ನರು ಆಮೇಲೆ ಎಷ್ಟೇ ಕಟ್ಟುನಿಟ್ಟಾಗಿ ನಂಬಿದರೂ, ಅವರ ಅರಮನೆಯ ಹಳೆಯ ಪುಟಗಳಲ್ಲಿ ಅದು ಬೇಕೆಂದಾಗ ಉಟ್ಟು ಬೇಡವೆಂದಾಗ ಕಳಚುವ ವಸ್ತುವಾಗಿತ್ತು. ನನ್ನ ಮಟ್ಟಿಗೆ ಈ ಹೆಸರಿನ ಇಡೀ ಚರಿತ್ರೆಯಲ್ಲಿ ಬಹಳ ಸ್ವಾರಸ್ಯದ ಭಾಗ ಇದೇ.

ಅಕ್ಕ ಹನೇಯನ್ನು ಚರಿತ್ರೆ ಚನ್ಚು ಮಹಾರಾಣಿ ಎಂದು ನೆನೆಯುತ್ತದೆ. ಮಗ ಮೊಕ್ಜೊಂಗ್ 997ರಲ್ಲಿ ಪಟ್ಟಕ್ಕೆ ಬಂದಾಗ ಆಳಿದವಳು ಆಕೆಯೇ. ಕಿಮ್ ಚಿಯಾಂಗ್ ಎಂಬವನೊಂದಿಗಿನ ಅವಳ ಸಂಬಂಧ, ಅವನಿಂದ ಪಡೆದ ಮಗನನ್ನು ಸಿಂಹಾಸನಕ್ಕೆ ತರುವ ಹಂಚಿಕೆ, ಇವೆಲ್ಲ ನಂತರದ ಕನ್ಫ್ಯೂಷಿಯಸ್ ಪಂಥದ ಇತಿಹಾಸಕಾರರಿಗೆ ಬೈಯಲು ಸಿಕ್ಕ ಹಬ್ಬ. 2009ರಲ್ಲಿ ಕೆಬಿಎಸ್ ವಾಹಿನಿ ಅವಳನ್ನೇ ನಾಯಕಿ ಮಾಡಿ ಉದ್ದದ ಧಾರಾವಾಹಿ ತೆಗೆದಾಗ ಆಕೆ ಕುದುರೆಯೇರಿ ಕತ್ತಿ ಹಿಡಿದ ವೀರರಮಣಿಯಾದಳು. ಎರಡು ಚಿತ್ರಗಳೂ ಅತಿಯೇ. 1009ರಲ್ಲಿ ಗಾಂಗ್ ಜೊ ಎಂಬ ಸೇನಾನಿ ಅರಸನನ್ನು ಕೆಳಗಿಳಿಸಿದ. ತಂಗಿ ಹಂಜಂಗಳ ಮಗನನ್ನು ಬೆಟ್ಟದ ಬೌದ್ಧ ಮಂದಿರದಿಂದ ಕರೆತಂದು ಪಟ್ಟ ಕಟ್ಟಿದರು. ಕರೆತರಲು ಹೋದ ಅಧಿಕಾರಿಯ ಹೆಸರು ಹ್ವಾಂಗ್ಬೊ ಯುಯಿ. ಅಧಿಕಾರ ಕಳೆದುಕೊಂಡ ಚನ್ಚು ಹೋಗಿ ನೆಲಸಿದ್ದು ಎಲ್ಲಿ? ಹ್ವಾಂಗ್ಜುವಿನಲ್ಲಿ. ಮದುವೆಗೆಂದು ಎರವಲು ಪಡೆದ ಹೆಸರಿನ ಊರೇ ಕೊನೆಗೆ ಅವಳಿಗೆ ತವರಾಯಿತು. ಅಲ್ಲಿ ಇಪ್ಪತ್ತೊಂದು ವರ್ಷ ಇದ್ದು, ರಾಜಧಾನಿಗೆ ಮರಳಿ 1029ರಲ್ಲಿ ಅರಮನೆಯೊಂದರಲ್ಲಿ ತೀರಿಕೊಂಡಳು.

ಈ ಹೆಸರಿನ ‘ಚಕ್ರವರ್ತಿ’ಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ದೇಮೊಕ್‌ಳ ಗಂಡ ಗ್ವಾಂಗ್ಜೊಂಗ್ 960ರಲ್ಲಿ ತನ್ನ ರಾಜಧಾನಿಯನ್ನು ‘ಚಕ್ರವರ್ತಿಯ ನಗರ’ ಎಂದು ಕರೆಸಿಕೊಂಡವನು. ಆ ಹೆಸರಿಗೆ ಬಳಸಿದ್ದು ಹೆಂಡತಿಯ ಮನೆತನದ ಹೆಸರಿನಲ್ಲಿರುವ ಅದೇ ಹ್ವಾಂಗ್ ಅಕ್ಷರ. ಆಮೇಲೆ ಬಂದ ಜೊಸನ್ ಅರಸರು ಚೀನಾದ ಚಕ್ರವರ್ತಿಗೆ ತಲೆಬಾಗಿದ ಬರೀ ‘ದೊರೆ’ಗಳು, ತಮಗೆ ಆ ಅಕ್ಷರ ಹಚ್ಚಿಕೊಳ್ಳುವ ಹಕ್ಕು ಅವರಿಗಿರಲಿಲ್ಲ. 1897ರಲ್ಲಿ ಗೊಜೊಂಗ್ ತನ್ನನ್ನು ಚಕ್ರವರ್ತಿ ಎಂದು ಸಾರಿಕೊಳ್ಳುವ ತನಕ ಇದೇ ಸ್ಥಿತಿ. ಐನೂರು ವರ್ಷ, ದೊರೆಗಿಲ್ಲದ ಅಕ್ಷರ ದೊರೆಯ ಪ್ರಜೆಯೊಬ್ಬನ ಮನೆಬಾಗಿಲಲ್ಲಿತ್ತು.

ಆ ಜೊಸನ್ ಕಾಲದಲ್ಲೇ ಹ್ವಾಂಗ್ಬೊ ಕುಲದ ಅತ್ಯಂತ ದೊಡ್ಡ ಮನುಷ್ಯ ಬಂದ, ಕುಲವೇ ಅಳಿಯುವ ಸ್ಥಿತಿಯೂ ಬಂತು. ಮನುಷ್ಯನ ಹೆಸರು ಹ್ವಾಂಗ್ಬೊ ಇನ್. ಯಂಗ್ಚನ್ ಶಾಖೆಯವನು. ಹಂಗುಲ್ ಲಿಪಿಯನ್ನು 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಸೇಜೊಂಗ್ ಮಹಾರಾಜನ ಮಂತ್ರಿಗಳಲ್ಲಿ ಒಬ್ಬ. ಉತ್ತರದ ಗಡಿಯಲ್ಲಿ ಕಿಮ್ ಜೊಂಗ್ಸ ಎಂಬ ಹೆಸರಾಂತ ಸೇನಾನಿ ಠಾಣ್ಯಗಳನ್ನು ಕಟ್ಟುವಾಗ ಕೋಟೆಗೋಡೆಗಳ ಕೆಲಸದ ಮೇಲ್ವಿಚಾರಣೆಗೆ ವರ್ಷಗಟ್ಟಲೆ ಓಡಾಡಿದವನು ಈತ. ಸೇಜೊಂಗ್‌ನ ಮಗ ಮುಂಜೊಂಗ್ 1452ರಲ್ಲಿ ಸಾಯುವಾಗ, ಇನ್ನೂ ಹುಡುಗನಾದ ತನ್ನ ಮಗ ದಂಜೊಂಗ್‌ನನ್ನು ಕಾಪಾಡಿ ಎಂದು ಹಿರಿಯ ಮಂತ್ರಿಗಳ ಕೈಗೆ ಒಪ್ಪಿಸಿದ. ಆ ಹಿರಿಯರಲ್ಲಿ ಅಗ್ರ ಹ್ವಾಂಗ್ಬೊ ಇನ್, ರಾಜ್ಯದ ಮಹಾಮಂತ್ರಿ.

ಹುಡುಗ ಅರಸನ ಚಿಕ್ಕಪ್ಪ ಸುಯಾಂಗ್ ಮುಂದಿನ ವರ್ಷವೇ ಕೈ ಮಾಡಿದ. 1453ರ ಹತ್ತನೆಯ ತಿಂಗಳ ಒಂದು ರಾತ್ರಿ ಮೊದಲು ಕಿಮ್ ಜೊಂಗ್ಸನ ಮನೆಗೆ ಹೋಗಿ ಕಬ್ಬಿಣದ ಗದೆಯಿಂದ ಹೊಡೆಸಿದ. ಆಮೇಲೆ ಅರಸನ ಅಪ್ಪಣೆಯೆಂದು ಮಂತ್ರಿಗಳಿಗೆ ಹೇಳಿಕಳುಹಿಸಿದ. ಬಾಗಿಲುಗಳಲ್ಲಿ ಆಳುಗಳು ಕಾದಿದ್ದರು. ಬರುವವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಮುಗಿಸಬೇಕು ಎಂಬ ಪಟ್ಟಿ ಹಾನ್ ಮ್ಯಂಗ್ಹ್ವೆ ಎಂಬವನ ಕೈಲಿತ್ತೆಂದು ಕಥೆ. ಹ್ವಾಂಗ್ಬೊ ಇನ್ ಮೂರನೆಯ ಬಾಗಿಲು ದಾಟುವಾಗ ಅವನ ತಲೆಯ ಮೇಲೂ ಗದೆ ಬಿತ್ತು. ಸುಯಾಂಗ್ 1455ರಲ್ಲಿ ತಾನೇ ಅರಸನಾದ. ‘ಮುಖ ಓದುವವನು’ ಎಂಬ 2013ರ ಕೊರಿಯನ್ ಚಲನಚಿತ್ರ ಈ ದಂಗೆಯದ್ದೇ. ಸುಯಾಂಗ್‌ನ ಪಾತ್ರ ಮಾಡಿದ ಲೀ ಜಂಗ್ಜೆ ನಮ್ಮ ಹುಡುಗರಿಗೆ ‘ಸ್ಕ್ವಿಡ್ ಗೇಮ್’ನಿಂದ ಚೆನ್ನಾಗಿ ಪರಿಚಯ.

ಸೋತ ಮಂತ್ರಿಯ ಮನೆಯ ಗಂಡುಸಂತಾನವನ್ನು ಉಳಿಸುವ ಪದ್ಧತಿ ಇರಲಿಲ್ಲ. ಮಕ್ಕಳನ್ನು ಕೊಂದರು. ಕುಲದವರು ಹೇಳುವ ಕಥೆ ಇಲ್ಲಿಂದ ಶುರು. ದನ್ರ್ಯಾಂಗ್ ಎಂಬ ಮನೆಯ ದಾಸಿ, ಹ್ವಾಂಗ್ಬೊ ಇನ್‌ನ ಎಳೆಯ ಮೊಮ್ಮಗ ದಾನ್‌ನನ್ನು ನೀರಿನ ಕೊಡದೊಳಗಿಟ್ಟು ತಲೆಯ ಮೇಲೆ ಹೊತ್ತಳು. ನೀರಿಗೆ ಹೋಗುವ ದಾಸಿಯನ್ನು ಯಾರು ತಡೆದಾರು? ರಾಜಧಾನಿಯಿಂದ ಹೊರಬಿದ್ದವಳು ದೇಶದ ಆಗ್ನೇಯಕ್ಕೆ ನಡೆದು, ಸಮುದ್ರ ಎದುರಾಗಿ ಮುಂದೆ ದಾರಿಯೇ ಇಲ್ಲ ಎನ್ನುವಲ್ಲಿ ನಿಂತಳಂತೆ. ಅದು ಈಗಿನ ಪೊಹಾಂಗ್ ನಗರಕ್ಕೆ ಸೇರಿದ ಗುರ್ಯೊಂಗ್ಪೊ ಸೀಮೆ. ಚಳಿಗಾಳಿಯಲ್ಲಿ ಅರೆ ಒಣಗಿಸಿದ ‘ಗ್ವಾಮೆಗಿ’ ಮೀನಿಗೆ ಹೆಸರಾದ ಕಡಲತಡಿ. ಅಲ್ಲಿ ಹುಡುಗನನ್ನು ಸಾಕಿ, ಬೆಳೆದ ಮೇಲೆ ಅವನ ಕುಲದ ಕಥೆ ಹೇಳಿದಳಂತೆ. ಕುಲದವರು ತಲೆಯೆತ್ತಿ ಹೆಸರು ಹೇಳಿಕೊಳ್ಳಲು ಹದಿನೆಂಟನೆಯ ಶತಮಾನ ಬರಬೇಕಾಯಿತು. ಯಂಗ್ಜೊ ಅರಸನ ಕಾಲದಲ್ಲಿ ಹ್ವಾಂಗ್ಬೊ ಇನ್‌ನಿಗೆ ಪದವಿಗೌರವ ಮರಳಿತು.

ಗುರ್ಯೊಂಗ್ಪೊದ ಸಂಗ್ದೊಂಗ್ ಹಳ್ಳಿಯಲ್ಲಿ ಹ್ವಾಂಗ್ಬೊ ಇನ್ ಮತ್ತವನ ಮಕ್ಕಳ ನೆನಪಿಗೆ ಗ್ವಾಂಗ್ನಾಮ್ ಎಂಬ ವಿದ್ಯಾಲಯ-ಗುಡಿ ಇದೆ. ಅಲ್ಲೇ ಆ ದಾಸಿಗೂ ಒಂದು ಕಲ್ಲು ನಿಲ್ಲಿಸಿದ್ದಾರೆ. ಕಲ್ಲಿನ ಮೇಲಿರುವುದು ‘ನಿಷ್ಠೆಯ ದಾಸಿ ದನ್ರ್ಯಾಂಗ್‌ಳ ಕಲ್ಲು’ ಎಂದಷ್ಟೇ. ಮನೆತನದ ಹೆಸರಿಲ್ಲ. ಜೊಸನ್ ಕಾಲದ ದಾಸದಾಸಿಯರಿಗೆ ಸಾಮಾನ್ಯವಾಗಿ ಮನೆತನದ ಹೆಸರೇ ಇರುತ್ತಿರಲಿಲ್ಲ. ಒಂದು ಕುಲನಾಮವನ್ನು ತಲೆಯ ಮೇಲೆ ಹೊತ್ತು ಉಳಿಸಿದವಳಿಗೆ ಸ್ವಂತಕ್ಕೆ ಅಂಥದೊಂದು ಇರಲಿಲ್ಲ. ನೀರಿನ ಕೊಡದ ಕಥೆಯನ್ನು ವಿದ್ವಾಂಸರು ಎಷ್ಟಾದರೂ ಅನುಮಾನಿಸಲಿ, ದಾಸಿಗೆ ಕಲ್ಲು ನಿಲ್ಲಿಸಿದ ಒಡೆಯರ ಮನೆತನಗಳು ಕೊರಿಯಾದಲ್ಲಾಗಲಿ ಬೇರೆಲ್ಲಿಯಾಗಲಿ ಹೆಚ್ಚಿಲ್ಲ ಎಂಬುದನ್ನು ಒಪ್ಪಬೇಕು.

ಹ್ವಾಂಗ್ಬೊಗಳು ಹತ್ತು ಸಾವಿರಕ್ಕೇ ನಿಂತದ್ದಕ್ಕೂ, ಕಿಮ್‌ಗಳು ಕೋಟಿ ದಾಟಿದ್ದಕ್ಕೂ ಉತ್ತರದ ಒಂದು ತುಣುಕು ಇಲ್ಲೇ ಇದೆ. ಜೊಸನ್‌ನ ಕೊನೆಯ ಶತಮಾನಗಳಲ್ಲಿ ಹೆಸರಿಲ್ಲದ ಜನ ಒಬ್ಬೊಬ್ಬರಾಗಿ ಮನೆತನದ ಹೆಸರು ಹಿಡಿಯತೊಡಗಿದರು. 1909ರ ಮನೆವಾರು ನೋಂದಣಿ ಕಾನೂನು ಬಂದಾಗ ಎಲ್ಲರೂ ಒಂದನ್ನು ಬರೆಸಲೇಬೇಕಾಯಿತು. ಆಯ್ಕೆ ಕೈಯಲ್ಲಿದ್ದವನು ಯಾವುದನ್ನು ಆರಿಸುತ್ತಾನೆ? ಊರಲ್ಲಿ ಕೇಳಿ ಗೊತ್ತಿರುವ, ದೊಡ್ಡವರೆನಿಸಿಕೊಂಡ, ನೂರು ಜನರಲ್ಲಿ ಬೆರೆತುಹೋಗಬಹುದಾದ ಹೆಸರನ್ನು. ಕಿಮ್, ಲೀ, ಪಾರ್ಕ್ ಅಂಥವು. ಎರಡಕ್ಷರದ ಅಪರೂಪದ ಹೆಸರು ಹಚ್ಚಿಕೊಂಡರೆ ಮರುದಿನವೇ ಆ ಕುಲದ ಹಿರಿಯರು ಬಂದು ‘ನೀನು ಯಾವ ಶಾಖೆಯವನಪ್ಪ?’ ಎಂದು ವಿಚಾರಿಸುತ್ತಿದ್ದರು.

ಹ್ವಾಂಗ್ಬೊದ ಎರಡು ಚೀನೀ ಅಕ್ಷರ ಕಣ್ಣಿಗೆ ಕಾಣುತ್ತಿದ್ದಷ್ಟು ಕಾಲ ಹೆಸರನ್ನು ಎಲ್ಲಿ ಬಿಡಿಸಬೇಕೆಂಬ ಪ್ರಶ್ನೆ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಕಾಲ ಕೊರಿಯಾದ ಪತ್ರಿಕೆಗಳು ಹೆಸರುಗಳನ್ನು ಚೀನೀ ಅಕ್ಷರದಲ್ಲೇ ಅಚ್ಚು ಮಾಡುತ್ತಿದ್ದವು. ಮೆಲ್ಲಮೆಲ್ಲನೆ ಹಂಗುಲ್ ಎಲ್ಲ ಕಡೆ ಆವರಿಸಿತು. ಪೂರ್ತಿ ಹಂಗುಲ್‌ನಲ್ಲೇ, ಅಡ್ಡ ಸಾಲುಗಳಲ್ಲಿ ಅಚ್ಚಾಗುವ ‘ಹಾಂಗ್ಯೊರೆ’ ದಿನಪತ್ರಿಕೆ ಶುರುವಾದದ್ದು 1988ರಲ್ಲಿ. ಚಕ್ರವರ್ತಿ ಹ್ವಾಂಗೂ ಹಳದಿ ಹ್ವಾಂಗೂ ಒಂದೇ ಚೌಕದಲ್ಲಿ ಕೂತವು. ಹ್ವಾಂಗ್ಬೊ ಇನ್ ಸೇವೆ ಮಾಡಿದ ಅರಸನ ಲಿಪಿಯೇ ಅವನ ಕುಲದ ಗುರುತನ್ನು ಮಸುಕು ಮಾಡಿತು ಎನ್ನಬಹುದು. ಲಿಪಿಯ ತಪ್ಪೇನಿಲ್ಲ, ನುಡಿದಂತೆ ಬರೆಯುವುದೇ ಅದರ ಧರ್ಮ.

ಸರ್ಕಾರಕ್ಕೂ ಈ ಗೊಂದಲ ಗೊತ್ತಿತ್ತು. ಅದೇ 1988ರಲ್ಲಿ ಪ್ರಕಟವಾಗಿ 1989ರ ಮಾರ್ಚ್‌ನಿಂದ ಜಾರಿಗೆ ಬಂದ ಹಂಗುಲ್ ಕಾಗುಣಿತದ ನಿಯಮಗಳಲ್ಲಿ 48ನೆಯದು, ಮನೆತನದ ಹೆಸರನ್ನೂ ಇಟ್ಟ ಹೆಸರನ್ನೂ ಕೂಡಿಸಿ ಬರೆಯಬೇಕೆಂದು ಹೇಳುತ್ತದೆ. ಕೂಡಲೇ ಒಂದು ರಿಯಾಯಿತಿ: ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಬೇಕಾದ ಕಡೆ ತೆರಪು ಬಿಡಬಹುದು. ಉದಾಹರಣೆಗೆ ಕೊಟ್ಟ ಹೆಸರುಗಳು ಮೂರು: ನಾಮ್ಗುಂಗ್ ಅಕ್, ದೊಕ್ಕೊ ಜುನ್, ಹ್ವಾಂಗ್ಬೊ ಜಿಬೊಂಗ್. ಇಡೀ ದೇಶದ ಕಾಗುಣಿತದಲ್ಲಿ ಇವರಿಗಾಗಿ ಒಂದು ಸಾಲು. ಆದರೆ ನಿಯಮ ‘ಬಿಡಬಹುದು’ ಎನ್ನುತ್ತದೆ, ‘ಬಿಡಬೇಕು’ ಎನ್ನುವುದಿಲ್ಲ. ಹೀಗಾಗಿ ದಿನಬಳಕೆಯಲ್ಲಿ ತೆರಪು ಬೀಳುವುದು ಬಿಡುವುದು ಬರೆಯುವವನ ಮರ್ಜಿ.

ಎರಡು ಚೌಕದ ಮನೆತನದ ಇನ್ನೊಂದು ಪರಿಣಾಮ ಇಟ್ಟ ಹೆಸರಿನ ಮೇಲೆ. ಮನೆತನಕ್ಕೇ ಎರಡು ಚೌಕ ಹೋದರೆ, ಒಟ್ಟು ಮೂರಕ್ಕೆ ನಿಲ್ಲಿಸಲು ಮಗುವಿಗೆ ಒಂದೇ ಚೌಕದ ಹೆಸರಿಡುವವರು ಈ ಮನೆಗಳಲ್ಲಿ ಬಹಳ: ನಾಮ್ಗುಂಗ್ ಅಕ್, ನಾಮ್ಗುಂಗ್ ಮಿನ್, ಹ್ವಾಂಗ್ಬೊ ಇನ್. ಹಾಗೆ ಮಾಡಿದರೆ ಹೆಸರು ಚಿಕ್ಕದಾಗುತ್ತದೆ, ಗೊಂದಲ ದೊಡ್ಡದಾಗುತ್ತದೆ. ಫುಟ್‌ಬಾಲ್ ಆಟಗಾರ ಹ್ವಾಂಗ್ಬೊ ಕ್ವಾನ್ ಅವರದೂ ಇದೇ ಪ್ರಸಂಗ. 1990ರ ವಿಶ್ವಕಪ್‌ನಲ್ಲಿ ಕೊರಿಯಾ ಆಡಿದ ಮೂರು ಪಂದ್ಯಗಳನ್ನೂ ಸೋತು ಮನೆಗೆ ಹೋಯಿತು. ಆ ಮೂರರಲ್ಲಿ ಹೊಡೆದ ಒಂದೇ ಒಂದು ಗೋಲು ಇವರದು. ಇಟಲಿಯ ಉದಿನೆಯಲ್ಲಿ ಸ್ಪೇನ್ ವಿರುದ್ಧ, ದೂರದ ಫ್ರೀ ಕಿಕ್‌ನಿಂದ ಸಿಡಿದ ಗುಂಡಿನಂಥ ಹೊಡೆತ. ‘ಫಿರಂಗಿ’ ಎಂಬ ಅಡ್ಡಹೆಸರು ಅವರಿಗೆ ಅಂಟಿಕೊಂಡಿತು. ಅವರನ್ನು ಹ್ವಾಂಗ್ ಬೊಕ್ವಾನ್ ಎಂದು ಓದಿಕೊಂಡವರು ಮಾತ್ರ ಆಗಲೂ ಇದ್ದರು, ಈಗಲೂ ಇದ್ದಾರೆ.

ಇದೇ ಹ್ವಾಂಗ್ಬೊ ಕ್ವಾನ್ ಆಮೇಲೆ ಜಪಾನಿನ ಒಯಿತಾ ತಂಡಕ್ಕೆ ಹೋದರು. ಜಪಾನೀಯರಿಗೆ ‘ಹ್ವಾ’ ಎಂಬುದು ನಾಲಗೆಗೆ ಒಗ್ಗದ ಶಬ್ದ. ಅಲ್ಲಿನ ಪತ್ರಿಕೆಗಳು ಅವರನ್ನು ‘ಫಾನ್ಬೊ’ ಎಂದು ಬರೆದವು. ನೋಡಿ: ಚೀನೀಯರಲ್ಲಿ ಹ್ವಾಂಗ್‌ಫು, ಕೊರಿಯನ್ನರಲ್ಲಿ ಹ್ವಾಂಗ್ಬೊ, ಜಪಾನೀಯರಲ್ಲಿ ಫಾನ್ಬೊ. ಚೀನಾದಲ್ಲಿ ಹೆಸರಿನ ಬಾಲಕ್ಕಿದ್ದ ಫಕಾರ ಜಪಾನ್ ತಲುಪುವ ಹೊತ್ತಿಗೆ ತಲೆಗೆ ಬಂದು ಕೂತಿತು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ನೂರಾರು ವರ್ಷಗಳ ಧ್ವನಿಬದಲಾವಣೆ, ಇನ್ನೊಂದು ವರದಿಗಾರರ ಅನಿವಾರ್ಯ.

ಅಪರೂಪದ ಹೆಸರಿಗೆ ಒಂದು ಥರದ ಮೆರುಗೂ ಇದೆ. ಸಿನಿಮಾದವರಿಗೆ ಅದು ಗೊತ್ತು. ಹಳೆಯ ತಲೆಮಾರಿನ ಚೆಲುವ ನಟ ನಾಮ್ಗುಂಗ್ ವನ್ ಹುಟ್ಟಿನಿಂದ ಹೊಂಗ್ ಮನೆತನದವರು. ನಟಿ ಸನ್ವು ಯೊಂಗ್ನ್ಯ ನಿಜಕ್ಕೆ ಜಂಗ್ ಮನೆತನದವರು. ಲಕ್ಷಗಟ್ಟಲೆ ಜನರ ಹೆಸರನ್ನು ಕಳಚಿಟ್ಟು ಬೆಳ್ಳಿತೆರೆಗೆಂದು ಎರಡಕ್ಷರದ ಕುಲವೊಂದಕ್ಕೆ ದತ್ತು ಹೋದರು. ಆ ಕಡೆಯಿಂದ ಗಾಯಕಿ ಹ್ವಾಂಗ್ಬೊ ತಮ್ಮ ನಿಜವಾದ ಎರಡಕ್ಷರದ ಹೆಸರನ್ನು ಹಿಡಿದು ಬಂದರೆ ಜನ ಅದನ್ನು ಮುರಿದು ಸಾಮಾನ್ಯ ಮಾಡಿದರು.

ಹೆಸರು ಮತ್ತು ಮದುವೆಯ ವಿಷಯ ಮಾತ್ರ ಗೊರ್ಯೊ ಅರಮನೆಯೊಂದಿಗೆ ಮುಗಿಯಲಿಲ್ಲ. ಜೊಸನ್ ಕಾಲಕ್ಕೆ ಬಿಗಿಯಾದ ರೂಢಿ ಇಪ್ಪತ್ತನೆಯ ಶತಮಾನದ ನಾಗರಿಕ ಕಾನೂನಿಗೂ ಬಂತು: ಒಂದೇ ಮನೆತನದ ಹೆಸರು, ಒಂದೇ ಮೂಲದೂರು ಇದ್ದವರು ಮದುವೆಯಾಗುವಂತಿಲ್ಲ. ಸಗೋತ್ರದ ತಡೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದೇ ಶಾಖೆಯಲ್ಲಿ ಲಕ್ಷಾಂತರ ಜನ ಇರುವ ದೇಶದಲ್ಲಿ, ಯಾವ ನಂಟೂ ಇಲ್ಲದ ಹುಡುಗ ಹುಡುಗಿಯರು ಬರೀ ಹೆಸರಿನ ಕಾರಣಕ್ಕೆ ನೋಂದಣಿಯಾಗದೆ ಬದುಕಬೇಕಾಯಿತು. ಸಾವಿರ ವರ್ಷದ ಹಿಂದೆ ಒಂದೇ ತಂದೆಯ ಮಕ್ಕಳು ಹೆಸರು ಬದಲಿಸಿ ಮದುವೆಯಾದ ನಾಡು ಅದು! 1997ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಆ ನಿಷೇಧ ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು. 2005ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿ, ಹತ್ತಿರದ ರಕ್ತಸಂಬಂಧಕ್ಕಷ್ಟೇ ತಡೆ ಉಳಿಸಿದರು.

ಕೊರಿಯಾದ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ ಮಾತ್ರ ಅಪ್ಪನದು. ಹಾಗಾಗಿ ಹ್ವಾಂಗ್ಬೊ ಮನೆಯ ಮಗಳು ಸಾಯುವ ತನಕ ಹ್ವಾಂಗ್ಬೊ ಆಗಿದ್ದರೂ ಹೆಸರು ಅವಳಲ್ಲಿಗೆ ನಿಲ್ಲುತ್ತದೆ. 2008ರಿಂದ ಇದಕ್ಕೊಂದು ಕಿಂಡಿ ತೆರೆದಿದೆ: ದಂಪತಿಗಳು ಒಪ್ಪಿದರೆ ಮಗುವಿಗೆ ತಾಯಿಯ ಮನೆತನದ ಹೆಸರು ಕೊಡಬಹುದು. ಸಣ್ಣ ಕುಲಗಳ ಪಾಲಿಗೆ ಇದು ಒಳ್ಳೆಯ ಕಾನೂನು, ಆದರೆ ಅರೆಮನಸ್ಸಿನ ಕಾನೂನು. ಆ ಒಪ್ಪಿಗೆಯನ್ನು ಮದುವೆ ನೋಂದಾಯಿಸುವ ಹೊತ್ತಿಗೇ ಬರೆದುಕೊಡಬೇಕು. ಮಗು ಹುಟ್ಟಿದ ಮೇಲೆ ನೆನಪಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.